ನಾನು ‘ಬಿಡು’ ಅಂದ ಆ ಮಾಗಿ

ಹೋದ ತಿಂಗಳು ಹುನಗುಂದದಿಂದ ಬಾದಾಮಿಗೆ ಒಂದು ಮದುವೆಗೆಂದು ಟೆಂಪೊದಲ್ಲಿ ಹೊರಟಿದ್ದೆವು. ದಿಬ್ಬ ಏರುವಾಗ ಚಾಲಕ ಕ್ಲಚ್ಚಿನ ಮೇಲೆ ಇಟ್ಟ ಕಾಲು ತೆಗೆಯಲೇ ಇಲ್ಲ. ಕ್ಲಚ್ ಪ್ಲೇಟು ಸುಡುವ ವಾಸನೆ ಒಳಗೆಲ್ಲ ತುಂಬಿತು. ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನೊಬ್ಬಳು ಮಾತ್ರ ಆ ವಾಸನೆಯನ್ನು ಎದೆ ತುಂಬ ಎಳೆದುಕೊಂಡು ಕೂತಿದ್ದೆ. ಪಕ್ಕದಲ್ಲಿದ್ದ ನಮ್ಮ ಮನೆಯವರು ನನ್ನ ಮುಖ ನೋಡಿ, “ಮತ್ತ ಅದ ನೆನಪಾತೇನು?” ಅಂದರು.

ಅದೇ ನೆನಪಾಗಿತ್ತು. ಆದರೆ ಅದು ಏನು ಎಂದು ಕೇಳಿದರೆ ನಾನು ಒಂದೊಂದು ಸಲ ಒಂದೊಂದು ಥರ ಹೇಳುತ್ತೇನೆ. ಸುಳ್ಳು ಹೇಳುತ್ತೇನೆ ಅಂತಲ್ಲ. ಆ ವರ್ಷ ಯಾರು ಸರಿ ಇದ್ದರು, ಯಾರು ತಪ್ಪು ಮಾಡಿದರು, ನಾನು ಯಾವ ಕಡೆ ಇದ್ದೆ ಎನ್ನುವುದು ನನಗೇ ಇನ್ನೂ ಬಗೆಹರಿದಿಲ್ಲ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಇಳಕಲ್ಲಿನಿಂದ ಹುನಗುಂದದ ಮೇಲೆ ಬಾಗಲಕೋಟೆಗೆ ಹೋಗುವ ದಾರಿಯಲ್ಲಿ ಹದಿನಾರು ವರ್ಷ ನಿಂತುಕೊಂಡೇ ಕಳೆದವಳು. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರನ್ನು ಕಂಡರೆ ನನಗೆ ಈಗಲೂ ಸಣ್ಣಗೆ ಹೊಟ್ಟೆ ಉರಿಯುತ್ತದೆ. ಮೈಬೂಬ ಇಳಕಲ್ಲಿನ ಗ್ಯಾರೇಜಿನ ಹುಡುಗ. ಹುಡುಗ ಅಂತ ನಾನು ಅನ್ನುವುದು, ಅವನಿಗಾಗಲೇ ಮೂವತ್ತು ದಾಟಿತ್ತು. ಅವನ ಅಜ್ಜ ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕೂಡಿಸುತ್ತಿದ್ದನಂತೆ, ಅಪ್ಪ ಲಾರಿ ರಿಪೇರಿ ಮಾಡುತ್ತಿದ್ದ. ಇವನು ಕಾರು ರಿಪೇರಿ ಮಾಡುತ್ತ ಮಾಡುತ್ತ ಅದನ್ನು ಓಡಿಸುವ ಹುಚ್ಚು ಹತ್ತಿಸಿಕೊಂಡವನು. ಬಿಡಿಭಾಗ ತರಲು ಬಾಗಲಕೋಟೆಗೆ ಹೋಗುವಾಗ ನನ್ನ ಬಸ್ಸನ್ನೇ ಹತ್ತುತ್ತಿದ್ದ. ಒಂದು ದಿನ ಅಮೀನಗಡ ದಾಟಿದ ಮೇಲೆ ನನ್ನನ್ನೇ ದಿಟ್ಟಿಸಿ ನೋಡುತ್ತ ನಿಂತ.

“ಅಕ್ಕಾರ, ಇಷ್ಟು ಅಲ್ಲಾಡೂ ಬಸ್ಸಿನ್ಯಾಗ ಏನೂ ಹಿಡೀದ ನಿಂತು, ತಲಿ ಬಗ್ಗಿಸಿ ಬರೀತೀರಿ. ನಿಮಗ ವಾಂತಿ ಬರೂದಿಲ್ಲೇನ್ರಿ?”

“ನಂಗ ವಾಂತಿ ಬರೂದಿಲ್ಲೋ ತಮ್ಮಾ, ಸಿಟ್ಟು ಬರ್ತೈತಿ. ಒಳಗ ಸರಿ.”

ಹೀಗೆ ಶುರುವಾಯಿತು. ರ್‍ಯಾಲಿ ಅಂದರೆ ಎಲ್ಲ ಕಾರುಗಳೂ ಒಟ್ಟಿಗೆ ಓಡುವುದಲ್ಲ. ಹಳ್ಳಿಯ ಮಣ್ಣಿನ ದಾರಿಯನ್ನು ಮುಚ್ಚಿಸಿ, ಒಂದೊಂದೇ ಕಾರನ್ನು ಓಡಿಸಿ, ಯಾರು ಕಡಿಮೆ ಹೊತ್ತಿನಲ್ಲಿ ಮುಟ್ಟಿದರು ಎಂದು ನೋಡುವುದು. ಚಾಲಕನ ಪಕ್ಕದಲ್ಲಿ ಇನ್ನೊಬ್ಬರು ಕೂತು ಮುಂದಿನ ತಿರುವು ಯಾವುದು, ದಿನ್ನೆ ಎಲ್ಲಿದೆ ಎಂದು ಪುಸ್ತಕ ನೋಡಿ ಓದುತ್ತಲೇ ಇರಬೇಕು. ಸಮಯದ ಕಾಗದಗಳು, ನಿಯಮದ ಪುಸ್ತಕ ಎಲ್ಲವೂ ಅವರ ಕೈಯಲ್ಲೇ. ಮೈಬೂಬನ ಪಕ್ಕ ಓದುತ್ತಿದ್ದವನಿಗೆ ಪ್ರತಿ ಸಲವೂ ವಾಂತಿಯಾಗುತ್ತಿತ್ತು. ಅದಕ್ಕೇ ಅವನ ಕಣ್ಣು ನನ್ನ ಮೇಲೆ ಬಿದ್ದಿತ್ತು. ನಮ್ಮ ಮನೆಯವರು ಸಾಲೆಯಲ್ಲಿ ಗುಮಾಸ್ತರು, ಭಾಳ ಮೆತ್ತಗಿನ ಮನುಷ್ಯ. ಕೇಳಿ, “ರಜಾ ಸಿಗತೈತೇನು?” ಅಂದರು ಅಷ್ಟೇ.

ಮೊದಲ ದಿನದ ಅಭ್ಯಾಸದಲ್ಲೇ ಎಡವಟ್ಟಾಯಿತು. ದಾರಿ ನೆಟ್ಟಗಿತ್ತು, ಕಾರು ನಿಂತಿತ್ತು. ಹೊರಡಪ್ಪಾ ಎನ್ನುವುದಕ್ಕೆ ನನ್ನ ಬಾಯಿಂದ ಹದಿನಾರು ವರ್ಷದ ರೂಢಿಯಲ್ಲಿ “ರೈಟ್!” ಎಂದು ಬಂತು. ಅವನು ಒಮ್ಮೆಗೇ ಬಲಕ್ಕೆ ತಿರುಗಿಸಿ ಕಾರನ್ನು ಜೋಳದ ಹೊಲಕ್ಕೆ ನುಗ್ಗಿಸಿಬಿಟ್ಟ. ಹೊಲದವನು ಬೈದ ಬೈಗುಳ ನಾನು ಬಸ್ಸಿನಲ್ಲೂ ಕೇಳಿರಲಿಲ್ಲ. ಅಂದಿನಿಂದ ನಮ್ಮ ಕಾರಿನೊಳಗೆ ಇಂಗ್ಲಿಷ್ ಬಂದ್. ಎಡ, ಬಲ, ದಿನ್ನಿ, ತೆಗ್ಗು, ಹಳ್ಳ. ಬೇರೆ ಊರಿನ ತಂಡದವರು ನಮ್ಮ ಪುಸ್ತಕ ನೋಡಿ ನಗುತ್ತಿದ್ದರು. ಆಮೇಲಾಮೇಲೆ ನಗುವುದು ಕಡಿಮೆಯಾಯಿತು. ಆ ವರ್ಷದ ರಾಷ್ಟ್ರಮಟ್ಟದ ರ್‍ಯಾಲಿಯಲ್ಲಿ ನಾಲ್ಕು ಸುತ್ತುಗಳಿದ್ದವು. ಮೂರು ಮುಗಿಯುವಷ್ಟರಲ್ಲಿ ನಮ್ಮ ದರ್ಜೆಯಲ್ಲಿ ಎಲ್ಲರಿಗಿಂತ ಮುಂದೆ ಇದ್ದವರು ನಾವೇ.

ನಾಲ್ಕನೆಯ ಸುತ್ತು ನಮ್ಮ ನೆಲದಲ್ಲೇ, ಹುನಗುಂದದ ಆಚೆಯಿಂದ ಬಾದಾಮಿಯ ಕಡೆಗೆ. ಎಲ್ಲಿ ತೆಗ್ಗಿದೆ, ಎಲ್ಲಿ ಎರೆಮಣ್ಣು ಮುಗಿದು ಕೆಂಪುಕಲ್ಲು ಶುರುವಾಗುತ್ತದೆ ಎಂಬುದು ನಮಗೆ ಅಂಗೈಗೆರೆಯಷ್ಟು ಗೊತ್ತು. ಗೆದ್ದರೆ ಒಂದು ಟೈರ್ ಕಂಪನಿಯ ತಂಡ ಮೈಬೂಬನನ್ನು ಮುಂದಿನ ವರ್ಷಕ್ಕೆ ತನ್ನ ಚಾಲಕನನ್ನಾಗಿ ತೆಗೆದುಕೊಳ್ಳುವುದಾಗಿ ಹೇಳಿತ್ತು. ಅಣ್ಣಂದಿರ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡಿದ್ದವನಿಗೆ ಅದೊಂದೇ ಬಾಗಿಲು. ಅವನ ವಯಸ್ಸಿಗೆ ಅದು ಇನ್ನೊಮ್ಮೆ ತೆರೆಯುವ ಬಾಗಿಲಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅಷ್ಟರಲ್ಲಿ ಮೇಲಿನವರು ಜಗಳಕ್ಕೆ ಬಿದ್ದರು.

ದೇಶದಲ್ಲಿ ನಡೆಯುವ ಇಂಥ ರೇಸುಗಳಿಗೆಲ್ಲ ಒಂದೇ ಮೇಲ್ಸಂಘ. ಲೈಸೆನ್ಸು ಕೊಡುವುದೂ ಕಿತ್ತುಕೊಳ್ಳುವುದೂ ಅದೇ. ಆ ವರ್ಷ ಅದರ ಚುನಾವಣೆಯಲ್ಲಿ ಏನೋ ಗದ್ದಲವಾಗಿ ಇಬ್ಬರು ಅಧ್ಯಕ್ಷರು ಹುಟ್ಟಿಕೊಂಡರು. ಪಾಲಾದ ಅಣ್ಣತಮ್ಮಂದಿರು ಒಂದೇ ಮನೆಗೆ ಎರಡು ಬೀಗ ಜಡಿದ ಹಾಗೆ. ನನಗೆ ಒಂದೇ ವಾರದಲ್ಲಿ ಎರಡು ಪತ್ರ ಬಂದವು. ಎರಡರ ಮೇಲೂ ಅದೇ ಮುದ್ರೆ, ಅದೇ ವಿಳಾಸ. ಒಂದರಲ್ಲಿ “ನಾಲ್ಕನೆಯ ಸುತ್ತಿನಲ್ಲಿ ತಪ್ಪದೆ ಭಾಗವಹಿಸಬೇಕು” ಎಂದಿತ್ತು. ಇನ್ನೊಂದರಲ್ಲಿ “ಅದು ಮಾನ್ಯತೆಯಿಲ್ಲದ ಸುತ್ತು, ಭಾಗವಹಿಸಿದವರ ಲೈಸೆನ್ಸು ಎರಡು ವರ್ಷ ಅಮಾನತು, ಹಿಂದಿನ ಅಂಕಗಳೂ ರದ್ದು” ಎಂದಿತ್ತು. ಎರಡನ್ನೂ ಅಡುಗೆಮನೆಯ ಕಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡಿದೆ. ಸಹಿ ಬಿಟ್ಟರೆ ಬೇರೆ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಓಡಿಸದೆ ಸುಮ್ಮನಿದ್ದು ಆಮೇಲೆ ಆ ಸುತ್ತು ಖರೆ ಎಂದಾದರೆ ಎರಡನೆಯ ಸ್ಥಾನದವನು ನಮ್ಮನ್ನು ದಾಟಿ ಹೋಗುತ್ತಿದ್ದ. ಓಡಿಸಿ ಆಮೇಲೆ ಅದು ಸುಳ್ಳು ಎಂದಾದರೆ ಇದ್ದದ್ದೂ ಹೋಗುತ್ತಿತ್ತು. ನಮ್ಮ ಜಿಲ್ಲೆಯಲ್ಲಿ ಸುತ್ತು ನಡೆಸುವ ಕ್ಲಬ್ಬಿನ ಕಾರ್ಯದರ್ಶಿ ಸಂಗಣ್ಣನನ್ನು ಕೇಳಿದರೆ ಅವನು ಸೋಮವಾರ ಒಂದು ಪಕ್ಷ, ಗುರುವಾರ ಇನ್ನೊಂದು ಪಕ್ಷ. “ತುಳಸಿಗೇರಿ ಹನಮಪ್ಪನ ಆಣಿ ಮಾಡಿ ಹೇಳ್ತೇನ್ರೀ ಅಕ್ಕಾರ, ನಂಗೂ ತಿಳೀವಲ್ದು” ಎಂದ. ಆ ವರ್ಷ ನಾನು ಕೇಳಿದ ಮಾತುಗಳಲ್ಲಿ ಪೂರಾ ನಂಬಿದ್ದು ಅದೊಂದನ್ನೇ.

ಮಾಗಿಯ ಚಳಿ ಆಗ ಜೋರಾಗಿತ್ತು. ಹೊಲಗಳಲ್ಲಿ ಬಿಳಿಜೋಳ ಹಾಲುಗಾಳಾಗಿತ್ತು, ಸಂಜೆಯಾದರೆ ಎಲ್ಲೆಲ್ಲೂ ಎಳೆ ತೆನೆಯ ಸೀತನಿ ಸುಡುವ ಹೊಗೆ. ದಾರಿ ನೋಡಿಕೊಂಡು ಬರಲು ಹೋದಾಗ ಹಳ್ಳಿಯವರು ಬೆಚ್ಚಗಿನ ಕಾಳು ಉಜ್ಜಿ ಕೈತುಂಬ ಹಾಕುತ್ತಿದ್ದರು. “ಯಾವಾಗರೀ ನಿಮ್ಮ ರೇಸು?” ಎಂದು ಕೇಳುತ್ತಿದ್ದರು. ಯಾವಾಗ ಎನ್ನುವುದು ಗೊತ್ತಿತ್ತು, ಐತೋ ಇಲ್ಲೋ ಎನ್ನುವುದು ಗೊತ್ತಿರಲಿಲ್ಲ.

ಸುತ್ತಿನ ಹಿಂದಿನ ದಿನ ಮಧ್ಯಾಹ್ನ ಬನಶಂಕರಿಯಲ್ಲಿ ಊಟಕ್ಕೆ ಕೂತಿದ್ದೆವು. ಹೊಂಡದ ಬದಿಗೆ ಬುಟ್ಟಿಯಲ್ಲಿ ರೊಟ್ಟಿ ತಂದು ಮಾರುವ ಮುದುಕಿಯ ಮುಂದೆ ಎರಡೂ ಪಕ್ಷದ ಅಧಿಕಾರಿಗಳು ಎರಡು ಸಾಲಾಗಿ ಕೂತಿದ್ದರು. ಒಬ್ಬರಿಗೊಬ್ಬರು ಮುಖ ಕೊಡುತ್ತಿರಲಿಲ್ಲ. ಮುದುಕಿ ಎರಡೂ ಸಾಲಿಗೆ ಮೊಸರು ಹಾಕುತ್ತ, “ನಿಮ್ಮೊಳಗ ಹಿರೇರು ಯಾರೂ ಇಲ್ಲೇನ್ರೆಪ್ಪಾ?” ಅಂದಳು. ಎರಡೂ ಸಾಲಿನವರು ರೊಟ್ಟಿ ಮುರಿಯುತ್ತಲೇ ಇದ್ದರು.

ಅಲ್ಲೇ ನಾನೂ ಮೈಬೂಬನೂ ಒಂದು ತೀರ್ಮಾನಕ್ಕೆ ಬಂದೆವು. ಒಂದು ಪಕ್ಷದವರು ಆಗಲೇ ಈ ಸುತ್ತು ನಡೆಸದಂತೆ ಕೋರ್ಟಿನಿಂದ ತಡೆ ತಂದಿದ್ದರು. ಇನ್ನೊಂದು ಪಕ್ಷದವರು ಅದನ್ನು ತೆರವು ಮಾಡಿಸಲು ಹೋಗಿದ್ದರು. ಮರುದಿನ ಹತ್ತೂವರೆಗೆ ಕೋರ್ಟು ಕೂಡುತ್ತದೆ, ನಮ್ಮ ಕಾರು ಬಿಡುವ ಸಮಯ ಹನ್ನೊಂದು ಗಂಟೆ ಏಳು ನಿಮಿಷ. ಅಷ್ಟರೊಳಗೆ ತಡೆ ತೆರವಾದರೆ ಓಡಿಸುವುದು, ಇಲ್ಲದಿದ್ದರೆ ಇಳಿದು ಮನೆಗೆ ಹೋಗುವುದು.

“ನಂಗ ಹೆಲ್ಮೆಟ್ಟಿನ್ಯಾಗ ಫೋನ್ ನೋಡಾಕ ಆಗೂದಿಲ್ಲಕ್ಕಾ. ನೀ ನೋಡಿ ಹೇಳು. ನೀ ಹೇಳಿದಂಗ.”

“ನಾ ಹೇಳಿದಂಗ ಅಂದ್ರ ನಾ ಹೇಳಿದಂಗ. ಆಮ್ಯಾಲೆ ತಕರಾರು ಮಾಡಬ್ಯಾಡ.”

“ಇಲ್ಲಕ್ಕಾ, ಖರೇನ.”

ಮರುದಿನ ಹೊರಡುವ ಗೆರೆಯ ಹತ್ತಿರ ನೋಡಿದರೆ ಅಲ್ಲಿ ಎರಡು ಸಂತೆ. ಸುತ್ತು ನಡೆಸುವ ಪಕ್ಷದವರು ಬಾವುಟ ಹಿಡಿದು, ಗಡಿಯಾರ ಹಿಡಿದು ಕಾರುಗಳನ್ನು ಬಿಡುತ್ತಿದ್ದರು. ತಡೆ ಇದೆಯಲ್ಲ ಎಂದರೆ, ಆದೇಶ ಇನ್ನೂ ಕೈಗೆ ಮುಟ್ಟಿಲ್ಲ ಎನ್ನುತ್ತಿದ್ದರು. ತಡೆ ತಂದ ಪಕ್ಷದವರು ಪಕ್ಕದ ಬದುವಿನ ಮೇಲೆ ಕ್ಯಾಮೆರಾ ಇಟ್ಟುಕೊಂಡು ಗೆರೆ ದಾಟಿದ ಕಾರುಗಳ ನಂಬರು ಬರೆದುಕೊಳ್ಳುತ್ತಿದ್ದರು. ಕೆಲವು ಕಾರುಗಳು ಹೋದವು, ಕೆಲವು ಗೆರೆಯ ತನಕ ಬಂದು ತಿರುಗಿ ಹೋದವು. ಎರಡನೆಯ ಸ್ಥಾನದವನು ನಮಗಿಂತ ಮೊದಲೇ ಗೆರೆ ದಾಟಿ ಹೋಗಿದ್ದ.

ನಾವು ಗೆರೆಗೆ ಬಂದಾಗ ಹನ್ನೊಂದು ಐದು. ಫೋನಿನಲ್ಲಿ ಏನೂ ಇಲ್ಲ. ಹನ್ನೊಂದು ಆರು. ಫೋನು ನಡುಗಿತು. ಸಂಗಣ್ಣನ ಸಂದೇಶ: “ತಡೆ ತೆರವಾಗಿಲ್ಲ.” ಆ ಒಂದು ವರ್ಷದ ಧೂಳು, ರಜೆ, ಮೈಬೂಬನ ಅಮ್ಮ ನಮಗಾಗಿ ಬೇಡಿಕೊಂಡ ಹರಕೆಗಳು, ಎಲ್ಲ ಆ ಎರಡು ಶಬ್ದಕ್ಕೆ ಮುಗಿದುಹೋದವು. ಹೊರಗೆ ಒಬ್ಬ ಬೆರಳು ಮಡಚುತ್ತ ಎಣಿಸುತ್ತಿದ್ದ. ನಾನು ಹೆಲ್ಮೆಟ್ಟಿನ ಮೈಕಿನಲ್ಲಿ ಹೇಳಿದೆ:

“ಬಿಡು, ಮೈಬೂ.”

ಕಾರು ಗೆರೆ ದಾಟಿ ಹೋಗಿತ್ತು.

ನಮ್ಮ ಕಡೆ ಬಸ್ಸು ಹೊರಡುವುದಕ್ಕೂ ಬಿಡುವುದು ಅಂತಲೇ ಅನ್ನುತ್ತಾರೆ. ಎಷ್ಟಕ್ಕ ಬಿಡ್ತೀರಿ, ಬಸ್ ಬಿಟ್ಟೈತೇನ್ರಿ, ಜಲ್ದಿ ಬಿಡ್ರೀ. ದಿನಕ್ಕೆ ನೂರು ಸಲ ಕೇಳುವ ಮಾತು. ಚಾಲಕನಿಗೆ “ಬಿಡೋ” ಎಂದರೆ ಅವನು ಗಾಡಿ ಬಿಡುತ್ತಾನೆ. ನಾನು ಅಂದದ್ದು ಆ ಬಿಡು ಅಲ್ಲ. ಹೋಗಲಿ ಬಿಡು, ನಮ್ಮ ಹಣೆಯಲ್ಲಿಲ್ಲ ಬಿಡು ಎನ್ನುವ ಬಿಡು.

ಇಲ್ಲಿಯವರೆಗೆ ನನಗೆ ಎಲ್ಲ ಸ್ಪಷ್ಟ. ಗೊಂದಲ ಇರುವುದು ಇದರ ಮುಂದೆ. ಕಾರು ಹೊರಟ ಮೇಲೆ ನಾನು “ನಿಲ್ಲಿಸು” ಎನ್ನಬಹುದಿತ್ತು. ಮೂರು ಅಕ್ಷರ. ಅನ್ನಲಿಲ್ಲ. ತೊಡೆಯ ಮೇಲಿದ್ದ ಪುಸ್ತಕ ತೆರೆದು ಓದಲು ಶುರು ಮಾಡಿದೆ. ಓದದಿದ್ದರೆ ಮೊದಲ ತಿರುವಿಗೇ ಹಳ್ಳಕ್ಕೆ ಬೀಳುತ್ತಿದ್ದೆವು, ಅದಕ್ಕೇ ಓದಿದೆ ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಅದೂ ಖರೆಯೇ. ಆದರೆ ಹದಿನೆಂಟು ಕಿಲೋಮೀಟರು ಪೂರ್ತಿ ಓದಿದೆ. ಎಡ, ದೊಡ್ಡ ತೆಗ್ಗು, ಬಲ, ದಿನ್ನಿ, ದಿನ್ನಿ ದಾಟಿ ಎಡ. ಒಂದು ಶಬ್ದವೂ ತಡವಾಗಲಿಲ್ಲ, ಒಂದು ತಿರುವೂ ತಪ್ಪಲಿಲ್ಲ. ನನ್ನ ದನಿ ನನಗೇ ಬೇರೆ ಯಾರದೋ ದನಿಯ ಹಾಗೆ ಕೇಳುತ್ತಿತ್ತು. ಅಷ್ಟು ಚೆನ್ನಾಗಿ ನಾವು ಆ ವರ್ಷದಲ್ಲೇ ಓಡಿಸಿರಲಿಲ್ಲ.

ಕೊನೆಯಲ್ಲಿ ಕಾರು ನಿಂತಾಗ ಕ್ಲಚ್ ಪ್ಲೇಟಿನ ವಾಸನೆ ಕಣ್ಣು ಉರಿಸುವಷ್ಟು ಬರುತ್ತಿತ್ತು. ಇಬ್ಬರೂ ಹೆಲ್ಮೆಟ್ ತೆಗೆದೆವು.

“ಏನ್ ಮಾಡಿದ್ಯೋ ಇದು?” ಅಂದೆ.

“ನೀ ಬಿಡು ಅಂದ್ಯಲ್ಲಕ್ಕಾ.”

ಎರಡನೆಯ ಸ್ಥಾನದವನಿಗಿಂತ ನಾವು ಬಹಳ ಬೇಗ ಮುಟ್ಟಿದ್ದೆವು. ಸುತ್ತಲೂ ಜನ ಸಿಳ್ಳೆ ಹಾಕುತ್ತಿದ್ದರು.

ಮೂರು ವಾರಕ್ಕೆ ಕೋರ್ಟು ಆ ಸುತ್ತು ಮಾನ್ಯವಲ್ಲ ಎಂದಿತು. ತಡೆ ತಂದಿದ್ದ ಪಕ್ಷದ ಕೈಗೆ ಮೇಲ್ಸಂಘ ಹೋಯಿತು, ಅವರು ಗೆರೆ ದಾಟಿದ ಎಲ್ಲರಿಗೂ ನೋಟಿಸು ಕಳಿಸಿದರು. ನಮ್ಮ ವಿಚಾರಣೆ ಬಾಗಲಕೋಟೆಯ ನವನಗರದಲ್ಲಿ, ಒಂದು ಲಾಡ್ಜಿನ ಮೇಲಿನ ಹಾಲಿನಲ್ಲಿ. ಅಲ್ಲಿ ಮದುವೆಯ ನಿಶ್ಚಿತಾರ್ಥ ನಡೆದು ಹೂವಿನ ಹಾರಗಳು ಇನ್ನೂ ಗೋಡೆಯ ಮೇಲಿದ್ದವು. ಮೂರು ಜನ ಮೇಜಿನ ಹಿಂದೆ ಕೂತಿದ್ದರು. ಇಬ್ಬರಿಗೆ ಕನ್ನಡ ಬರುತ್ತಿರಲಿಲ್ಲ. ಮೂರನೆಯವರು ಮೈಸೂರಿನ ಕಡೆಯ ವಯಸ್ಸಾದ ಸಜ್ಜನರು, ಅವರೇ ಮಾತಾಡುತ್ತಿದ್ದರು.

ಒಳಗೆ ಹೋಗುವ ಮೊದಲು ಮೆಟ್ಟಿಲ ಹತ್ತಿರ ಮೈಬೂಬ ನನ್ನನ್ನು ನಿಲ್ಲಿಸಿದ. ಅವನ ಕಣ್ಣುಗಳು ಕೆಂಪಾಗಿದ್ದವು.

“ಅಕ್ಕಾ, ಖರೆ ಏನ ಐತಿ ಅದನ್ನ ಹೇಳು. ನನ್ನ ಸಲುವಾಗಿ ಏನೂ ಮಾಡಾಕ ಹೋಗಬ್ಯಾಡ.”

“ನಿನ್ನ ಉಪದೇಶ ಸಾಕು. ನಡಿ ಒಳಗ.”

ಕಾರಿನೊಳಗಿನ ಕ್ಯಾಮೆರಾದ ಧ್ವನಿಯನ್ನು ಹಾಕಿದರು. ನನ್ನದೇ ದನಿ: “ಬಿಡು, ಮೈಬೂ.” ಎಂಜಿನಿನ ಗದ್ದಲದಲ್ಲಿ ಅದರಲ್ಲಿ ದುಃಖವಿದೆಯೋ ಹುರುಪಿದೆಯೋ ಏನೂ ತಿಳಿಯುತ್ತಿರಲಿಲ್ಲ.

“ಬಿಡು ಅಂದ್ರೆ ಬಿಟ್ಟುಬಿಡು, ಬೇಡ ಅಂತ ಅಲ್ವೇನಮ್ಮ?” ಎಂದು ಮೈಸೂರಿನವರು ಮೆಲ್ಲಗೆ ಕೇಳಿದರು.

“ಹಂಗೂ ಆಗತೈತ್ರಿ. ನಮ್ಮ ಕಡೆ ಬಸ್ ಬಿಡು ಅಂದ್ರ ಹೊರಡು ಅಂತ್ರೀ.”

ಅವರು ಪಕ್ಕದವರಿಗೆ ಇಂಗ್ಲಿಷಿನಲ್ಲಿ ವಿವರಿಸಿದರು. ಒಂದೇ ಶಬ್ದಕ್ಕೆ ಹೋಗು ಎಂದೂ ಬೇಡ ಎಂದೂ ಅರ್ಥ ಹೇಗೆ ಇರುತ್ತದೆ ಎಂದು ಆ ಇಬ್ಬರು ನನ್ನನ್ನು ಗುಮಾನಿಯಿಂದ ನೋಡಿದರು. ಮೈಸೂರಿನವರು ನಿಯಮದ ಪುಸ್ತಕ ತೆರೆದು ಓದಿದರು. ಕಾಗದ ಮತ್ತು ಸಮಯದ ಜವಾಬ್ದಾರಿ ಪಕ್ಕದಲ್ಲಿ ಕೂತವರದು. ಅವರು ಹೊರಡು ಎಂದು ಹೇಳಿದ್ದರೆ ತಪ್ಪು ಅವರದೇ, ಚಾಲಕನಿಗೆ ಎಚ್ಚರಿಕೆ ಮಾತ್ರ. ಬೇಡ ಎಂದು ಹೇಳಿಯೂ ಚಾಲಕ ಹೋಗಿದ್ದರೆ ಅವನಿಗೆ ಎರಡು ವರ್ಷ ಅಮಾನತು, ಮೂರು ಸುತ್ತಿನ ಅಂಕಗಳೂ ಇಲ್ಲ.

“ಈಗ ಹೇಳಿ, ಅಮ್ಮ. ನೀವು ಅಂದಿದ್ದು ಯಾವ ಬಿಡು?”

ಮೈಬೂಬ ನೆಲ ನೋಡುತ್ತಿದ್ದ. ಅವನ ಉಗುರಿನ ಸಂದಿನಲ್ಲಿ ಗ್ರೀಸು. ನನಗೆ ಇಂದಿಗೂ ಅರ್ಥವಾಗದ್ದೆಂದರೆ, ನಾನು ಆಗ ಯೋಚನೆಯನ್ನೇ ಮಾಡಲಿಲ್ಲ.

“ಹೋಗು ಅಂತ ಹೇಳೇನ್ರಿ,” ಅಂದೆ.

ನನಗೆ ಎರಡು ವರ್ಷ ಅಮಾನತಾಯಿತು. ಮೈಬೂಬನಿಗೆ ಎಚ್ಚರಿಕೆ. ಮೂರು ಸುತ್ತಿನ ಅಂಕಗಳ ಮೇಲೆ ಬಿರುದು ಅವನದೇ ಎಂದರು. ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಪೂಜೆ. ಮರುದಿನ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತಾಗ ಅದನ್ನು ನೆಟ್ಟಗೆ ನೋಡಲಾಗಲಿಲ್ಲ. ಸುಳ್ಳು ಹೇಳಿದ್ದಕ್ಕೆ ಭಯವಾಯಿತು, ನಾಚಿಕೆಯಾಯಿತು. ಆದರೆ ಸುಳ್ಳು ಯಾವುದು ಎಂದು ಕೇಳಿಕೊಂಡರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಿದ್ದೆ. ಬೇಡ ಎಂದು ಹೇಳಿದ ಬಾಯಿಯೇ ಅಲ್ಲವೇ ಹದಿನೆಂಟು ಕಿಲೋಮೀಟರು ಓದಿದ್ದು?

ಆ ಗೊಂದಲಕ್ಕೂ ಮೇಲಿನವರು ಪುರುಸೊತ್ತು ಕೊಡಲಿಲ್ಲ. ಬೇಸಿಗೆ ಬರುವಷ್ಟರಲ್ಲಿ ಎರಡೂ ಪಕ್ಷಗಳು ರಾಜಿಯಾದವು. ಇಬ್ಬರೂ ಅಧ್ಯಕ್ಷರು ಒಂದೇ ದೊಡ್ಡ ಹಾರದೊಳಗೆ ತಲೆ ತೂರಿಸಿ ನಗುತ್ತಿರುವ ಫೋಟೊ ಫೋನಿನಲ್ಲಿ ಬಂತು. ಕೆಳಗೆ ನಾಲ್ಕು ಸಾಲು. ಹಳೆಯ ಜಗಳ ಬೆಳೆಸದಿರಲು ಆ ವರ್ಷದ ಎಲ್ಲ ಫಲಿತಾಂಶಗಳನ್ನೂ ಎಲ್ಲ ಶಿಕ್ಷೆಗಳನ್ನೂ ಕೈಬಿಡಲಾಗಿದೆ, ಆ ವರ್ಷ ಸ್ಪರ್ಧೆ ನಡೆದಿಲ್ಲವೆಂದು ತಿಳಿಯಬೇಕು. ನನ್ನ ಅಮಾನತು ಹೋಯಿತು. ಮೈಬೂಬನ ಬಿರುದೂ ಹೋಯಿತು. ಬಿರುದಿಲ್ಲದವನು ಬೇಡವೆಂದು ಟೈರ್ ಕಂಪನಿಯವರು ಇನ್ನೊಬ್ಬನನ್ನು ತೆಗೆದುಕೊಂಡರು. ನನಗೆ ಬಂದ ಸಿಟ್ಟಿಗೆ ಫೋನನ್ನು ಗೋಡೆಗೆ ಎಸೆಯಬೇಕೆನಿಸಿತು. ನಡೆದೇ ಇಲ್ಲದ ವರ್ಷದಲ್ಲಿ ನಾನು ಹೇಳಿದ ಸುಳ್ಳು ಮಾತ್ರ ನಡೆದದ್ದಾಗಿ ಉಳಿದಿತ್ತು.

ಮರುದಿನ ಡ್ಯೂಟಿ ಮುಗಿಸಿ ಇಳಕಲ್ಲಿನ ಗ್ಯಾರೇಜಿಗೆ ಹೋದೆ. ಮೈಬೂಬ ಒಂದು ಹಳೆಯ ಜೀಪಿನ ಕೆಳಗೆ ಮಲಗಿದ್ದ, ಕಾಲು ಮಾತ್ರ ಕಾಣುತ್ತಿತ್ತು. ಸಮಾಧಾನದ ಮಾತು ಆಡಬೇಕೆಂದುಕೊಂಡು ಹೋಗಿದ್ದೆ. ಅಲ್ಲೇ ಇದ್ದ ಟೈರಿನ ಮೇಲೆ ಕೂತೆ. ಅವನ ತಾಯಿ ಒಳಗಿನಿಂದ ಚಹಾ ಕಳಿಸಿದರು. ಚಹಾ ಆರುವ ತನಕ ಅವನು ಹೊರಗೆ ಬರಲಿಲ್ಲ. ಆಮೇಲೆ ಜೀಪಿನ ಕೆಳಗಿನಿಂದಲೇ ಮಾತಾಡಿದ.

“ಅಕ್ಕಾ, ಒಂದು ಹೇಳಲೇನು? ಬೈಬಾರ್ದು.”

“ಹೇಳು.”

“ಅವತ್ತ ನೀ ಬ್ಯಾಡ ಅಂದಿದ್ದು ನಂಗ ಚಲೋತ್ನಂಗ ಕೇಳಿಸಿತ್ತು. ಗೊತ್ತಿದ್ದ ಹೋದೆ.”

ಅವನಿಗಾಗಿ ನಾನು ಹೇಳಿದ ಸುಳ್ಳು, ಪೂಜೆಗೆ ಕೂತಾಗಿನ ನಾಚಿಕೆ, ತಿಂಗಳುಗಟ್ಟಲೆ ತಿಂದ ಸಂಕಟ ಎಲ್ಲ ಒಮ್ಮೆಗೇ ಸಿಟ್ಟಾಗಿ ಹೊರಬಿತ್ತು.

“ಗೊತ್ತಿದ್ದೂ ಯಾಕ ಹ್ವಾದ್ಯೋ, ನೀಚಾ?”

ನಟ್ಟು ತಿರುವುತ್ತಿದ್ದ ಪಾನಾದ ಸದ್ದು ನಿಂತಿತು. ಅವನು ಜಾರಿ ಹೊರಗೆ ಬಂದು ಎದ್ದು ಕೂತ. ಮುಖದ ತುಂಬ ಎಣ್ಣೆ. ನನ್ನನ್ನೇ ನೋಡುತ್ತ, ಮೆಲ್ಲಗೆ, ಜಗಳದ ದನಿಯಲ್ಲಲ್ಲ, ನಿಜವಾಗಿಯೂ ತಿಳಿಯಬೇಕೆನ್ನುವವನಂತೆ ಕೇಳಿದ:

“ಮತ್ತ ನೀ ಯಾಕ ಓದಿದಿ?”

ಹಳ್ಳಕ್ಕೆ ಬೀಳುತ್ತಿದ್ದೆವು ಎಂದು ಹೇಳಲು ಬಾಯಿ ತೆರೆದೆ. ಅವನೆದುರು ಅದು ಬರಲಿಲ್ಲ.

“ಗಾಡಿ ಭಾಳ ಚಲೋ ಹೊಂಟಿತ್ತಲ್ಲೋ,” ಅಂದೆ.